ಕಾಶ್ಯಪಗೋತ್ರದ ಡೈನೋಸಾರುಗಳು

ಹತ್ತಿರದ ಬಂಧುವೊಬ್ಬರು ತೀರಿಕೊಂಡರೆ ನಮ್ಮಲ್ಲಿ ಹತ್ತು ದಿನ ಸೂತಕ. ಸ್ವಲ್ಪ ದೂರದವರಾದರೆ ಮೂರು ದಿನ. ಇನ್ನೂ ದೂರದವರಾದರೆ ಒಂದು ತಣ್ಣೀರಿನ ಸ್ನಾನದಲ್ಲಿ ಮುಗಿಯಿತು. ಧರ್ಮಶಾಸ್ತ್ರಗಳು ಈ ವಿಷಯದಲ್ಲಿ ಬಹಳ ಖಚಿತವಾಗಿ ಮಾತನಾಡಿವೆ. ಆದರೆ ಆರೂವರೆ ಕೋಟಿ ವರ್ಷಗಳ ಹಿಂದೆ ಸಂಭವಿಸಿದ ಸಾವೊಂದರ ಸೂತಕವನ್ನು ಇನ್ನೂ ಕಳೆದುಕೊಳ್ಳದೆ ಹೊನ್ನಾವರದ ಪೇಟೆಯಲ್ಲಿ ಓಡಾಡಿಕೊಂಡಿರುವ ಮನುಷ್ಯನ ಬಗ್ಗೆ ಅವು ಚಕಾರವೆತ್ತಿಲ್ಲ. ಎತ್ತುವುದಾದರೂ ಹೇಗೆ? ಸ್ಮೃತಿಕಾರರಿಗೆ ನನ್ನ ಭಾವನವರ ಪರಿಚಯವಿರಲಿಲ್ಲ!

ಭಾವನವರೆಂದರೆ ನನ್ನ ತಂಗಿಯ ಯಜಮಾನರು. ಕರ್ಕಿಯಲ್ಲಿ ಮನೆ, ಹೊನ್ನಾವರದ ಪೇಟೆಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಕುಮಟೆಯಿಂದ ಭಟ್ಕಳದವರೆಗೆ ಮದುವೆ, ಮುಂಜಿ, ಯಕ್ಷಗಾನ ಮಾಡಿಸಿದವರೆಲ್ಲ "ಓಹೋ, ಅವರಾ!" ಎಂದು ನಗತೊಡಗುತ್ತಾರೆ, ಪ್ರಬಂಧ ಅಲ್ಲಿಗೇ ಮುಗಿದುಹೋಗುತ್ತದೆ. ನಮ್ಮ ಕಡೆ ತಂಗಿಯ ಗಂಡನೂ ಭಾವ, ಹೆಂಡತಿಯ ಅಣ್ಣನೂ ಭಾವ. ಹೀಗಾಗಿ ಅವರು ನನಗೆ ಭಾವ, ನಾನು ಅವರಿಗೆ ಭಾವಯ್ಯ. ವಯಸ್ಸಿನಲ್ಲಿ ಹಿರಿಯನೆಂದು ಆ 'ಅಯ್ಯ' ನನಗೆ ದೊರೆತ ಏಕೈಕ ಗೌರವಧನ. ನಾವಿಬ್ಬರೂ ಜಗಲಿಯಲ್ಲಿ ಕುಳಿತು ವಾದಿಸುವುದನ್ನು ಕೇಳಿದ ಅಪರಿಚಿತರು, ಒಬ್ಬನೇ ಮನುಷ್ಯ ತನ್ನೊಡನೆ ತಾನೇ ಜಗಳವಾಡುತ್ತಿದ್ದಾನೆಂದು ಭಾವಿಸಿದರೆ ತಪ್ಪಲ್ಲ.

ನಾನಾದರೋ ಕುಮಟೆಯಲ್ಲಿ ಬಹುಕಾಲ ಸಂಸ್ಕೃತ ಪಾಠ ಹೇಳಿ, ಈಗ ಪೂಜೆ, ಪಾರಾಯಣಗಳಲ್ಲಿ ಕಾಲ ಕಳೆಯುವವನು. ಜಗತ್ತು ಹುಟ್ಟಿದ್ದು ಹೇಗೆ, ಲಯವಾಗುವುದು ಹೇಗೆ ಎಂಬ ವಿಷಯದಲ್ಲಿ ನನಗೆ ಯಾವ ಗಡಿಬಿಡಿಯೂ ಇರಲಿಲ್ಲ. ಗಡಿಬಿಡಿಯನ್ನು ತಂದವರು ಭಾವನವರು. ಭಾವನವರಿಗೆ ತಂದದ್ದು ದಿನಪತ್ರಿಕೆ.

ಕೊಂಕಣ ರೈಲು ನಮ್ಮೂರುಗಳ ಮೂಲಕ ಓಡಲು ಆರಂಭಿಸಿದ ಕಾಲ. ಒಂದು ಬೆಳಗ್ಗೆ ಪತ್ರಿಕೆಯಲ್ಲಿ ಸುದ್ದಿ: ಆಕಾಶದಲ್ಲಿ ಅಲೆಯುತ್ತಿರುವ ಭಾರೀ ಬಂಡೆಯೊಂದು ಇನ್ನು ಮೂವತ್ತು ವರ್ಷಗಳಲ್ಲಿ ಭೂಮಿಗೆ ಬಡಿಯುವ ಸಂಭವವುಂಟು! ಭಾವನವರು ಅದೇ ದಿನ ಬಸ್ಸು ಹತ್ತಿ ಕುಮಟೆಗೆ ಬಂದರು. ನಾನು ಸಂಧ್ಯಾವಂದನೆಯಲ್ಲಿದ್ದೆ.

"ಭಾವಯ್ಯ, ಪೇಪರ್ ಓದಿದ್ರಾ? ಮೂವತ್ತೇ ವರ್ಷ ಅಡ!"

"ನನಗೆ ಅಷ್ಟೂ ಇಲ್ಲೆ ಭಾವ. ಆಚಮನ ಮುಗಿಸ್ತೆ, ಕೂತ್ಕಳಿ," ಎಂದೆ.

ಮರುದಿನದ ಪತ್ರಿಕೆಯಲ್ಲಿಯೇ, ಲೆಕ್ಕ ತಪ್ಪಿತ್ತು, ಆ ಬಂಡೆ ಬಹುದೂರದಿಂದ ಹಾದುಹೋಗುತ್ತದೆ ಎಂಬ ತಿದ್ದುಪಡಿ ಬಂದಿತ್ತು. ಆದರೆ ಆ ಪತ್ರಿಕೆಯನ್ನು ನನ್ನ ತಂಗಿ ಹಲಸಿನ ಹಪ್ಪಳ ಒಣಗಿಸಲು ಅಂಗಳದಲ್ಲಿ ಹಾಸಿಬಿಟ್ಟಿದ್ದಳು. ಆದ್ದರಿಂದ ಕರ್ಕಿಯ ಆ ಒಂದು ಮನೆಯ ಮಟ್ಟಿಗೆ ಪ್ರಳಯವು ಹಪ್ಪಳ ಒಣಗುವವರೆಗೂ ಜಾರಿಯಲ್ಲಿತ್ತು! ಮಾಡಿನ ಹಂಚು ಬದಲಿಸುವ ಕೆಲಸವನ್ನು ಭಾವನವರು ನಿಲ್ಲಿಸಿದರು.

"ಎಲ್ಲಾ ಹೋಪ್ದೇ ಆದ್ರೆ ಹೊಸ ಹಂಚು ಎಂತಕ್ಕೆ?" ಎಂಬುದು ಅವರ ವೈರಾಗ್ಯ.

"ಅಲ್ಲೀವರೆಗೆ ಮಳೆ ಬತ್ತಿಲ್ಯ?" ಎಂಬುದು ನನ್ನ ತಂಗಿಯ ವೇದಾಂತ.

ಕೊನೆಗೆ ಹಪ್ಪಳ ಎತ್ತುವಾಗ ತಿದ್ದುಪಡಿ ಸಿಕ್ಕಿತು. ಜಗತ್ತು ಉಳಿದಿತ್ತು, ಸ್ವಲ್ಪ ಇಂಗಿನ ವಾಸನೆ ಹಿಡಿದಿತ್ತು, ಅಷ್ಟೇ. ಹಂಚು ಬದಲಾಯಿತು. ಬೇರೆಯವರಾಗಿದ್ದರೆ ಇಲ್ಲಿಗೆ ಕೈ ಮುಗಿದು ಸುಮ್ಮನಾಗುತ್ತಿದ್ದರು. ಭಾವನವರು ಹೇಳಿದ್ದೇನು ಗೊತ್ತೇ? "ಮುಂದೆ ಬೀಳೂದು ಸುಳ್ಳಾತು, ಅಡ್ಡಿಲ್ಲೆ. ಹಿಂದೆ ಒಂದು ಬಿದ್ದದ್ದು ಖರೆಯಲಿ!"

ಹೀಗೆ ಅವರು ಆರೂವರೆ ಕೋಟಿ ವರ್ಷ ಹಿಂದಕ್ಕೆ ಹೊರಟುಹೋದರು. ಮತ್ತೆ ಪೂರ್ತಿ ಹಿಂದಿರುಗಲೇ ಇಲ್ಲ. ಪತ್ರಿಕೆಗಳ ವಿಜ್ಞಾನದ ಅಂಕಣ, ರೇಡಿಯೋ ಭಾಷಣ, ಆಮೇಲೆ ಮನೆಗೆ ಬಂದ ಟಿ.ವಿ., ಎಲ್ಲವೂ ಅವರಿಗೆ ಒಂದೇ ಪುರಾಣದ ಅಧ್ಯಾಯಗಳಾದವು. ಮೆಕ್ಸಿಕೋ ದೇಶದ ಕಡಲಂಚಿನಲ್ಲಿ ಬೆಟ್ಟದಷ್ಟು ದೊಡ್ಡ ಕಲ್ಲೊಂದು ಬಿದ್ದು ಪಾತಾಳದಂಥ ಗುಂಡಿಯಾದದ್ದು, ಎದ್ದ ಧೂಳಿಗೆ ಸೂರ್ಯನೇ ಮರೆಯಾದದ್ದು, ಡೈನೋಸಾರುಗಳೆಂಬ ಮಹಾಕಾಯದ ಪ್ರಾಣಿಗಳೆಲ್ಲ ನಾಶವಾದದ್ದು, ಬಿಲದಲ್ಲಿ ಅಡಗಿದ ಇಲಿಯಂಥ ಚಿಕ್ಕಪುಟ್ಟವು ಉಳಿದದ್ದು, ಇವನ್ನೆಲ್ಲ ಅವರು ಹೇಳುತ್ತಿದ್ದ ಧಾಟಿ ನೆರೆಮನೆಯ ಸುದ್ದಿಯ ಧಾಟಿ. "ಪಾಪ, ಮೊಟ್ಟೆಯೆಲ್ಲ ಗೂಡಲ್ಲೇ ಉಳತ್ತು," ಎನ್ನುವಾಗ ಅವರ ದನಿ ನಿಜವಾಗಿಯೂ ಇಳಿದುಹೋಗುತ್ತಿತ್ತು.

ಶಾಸ್ತ್ರವೆಂದಮೇಲೆ ಪಕ್ಷಭೇದವಿರಬೇಕಲ್ಲವೇ? ಇಲ್ಲಿಯೂ ಇದೆ. ಕಲ್ಲು ಬಿದ್ದು ಸತ್ತವು ಎಂದು ಒಂದು ಮತ. ಅಲ್ಲ, ಅದೇ ಕಾಲಕ್ಕೆ ನಮ್ಮ ದಖ್ಖನದಲ್ಲಿ ನೆಲ ಬಿರಿದು ಲಾವಾರಸ ಹರಿದು, ಆ ಹೊಗೆಗೆ ಸತ್ತವು ಎಂದು ಇನ್ನೊಂದು ಮತ. ಭಾವನವರು ಕಟ್ಟಾ ಶಿಲಾಪಾತವಾದಿಗಳು. ಅವರನ್ನು ಕೆಣಕಲು ನಾನು ಬೇಕೆಂದೇ ಅಗ್ನಿಪರ್ವತದ ಪಕ್ಷ ಹಿಡಿದೆ.

"ನಮ್ಮ ಸಹ್ಯಾದ್ರಿಯ ಉತ್ತರದ ತುದಿಯ ಕರಿಕಲ್ಲೆಲ್ಲ ಆ ಲಾವಾರಸವೇ ಅಡ ಭಾವ. ಕೊಂದವು ನಮ್ಮೋರೇ ಹೇಳಿ ಕಾಣ್ತು."

"ಅದೆಂಥ ಅಭಿಮಾನ ಭಾವಯ್ಯ ನಿಮ್ಮದು! ಕೊಲೆಯೂ ನಮ್ಮ ಜಿಲ್ಲೆಗೇ ಬರವಾ?" ಎಂದು ಅವರು ಎದ್ದೇ ನಿಂತರು. "ಇಡೀ ಭೂಮಿ ಮೇಲೆ ಒಂದು ತೆಳ್ಳನೆ ಮಣ್ಣಿನ ಪದರ ಇದ್ದು. ಅದ್ರಲ್ಲಿ ಇರಿಡಿಯಂ ಹೇಳ್ತ ಲೋಹ. ಅದು ಆಕಾಶದ ಕಲ್ಲಲ್ಲಿ ಧಾರಾಳ ಇಪ್ಪಂಥದು. ಅವು ಸತ್ತದ್ದಕ್ಕೆ ಭೂಮಿ ವಿಭೂತಿ ಬಳ್ಕಂಜು, ಭಾವಯ್ಯ, ವಿಭೂತಿ!"

ಉಪಮೆ ಚೆನ್ನಾಗಿತ್ತು. ಪೂರ್ವಪಕ್ಷಿಯಾದ ನಾನು ಎಲೆಅಡಿಕೆಯ ತಟ್ಟೆಯನ್ನು ಅವರತ್ತ ಸರಿಸಿದೆ.

ಅವರ ಉಪಜೀವನವೇ ಧ್ವನಿವರ್ಧಕವಾದದ್ದು ಲೋಕಕ್ಕೆ ಒದಗಿದ ಇನ್ನೊಂದು ಸಂಕಟ. ಮೈಕು ಪರೀಕ್ಷಿಸುವವರು ಸಾಮಾನ್ಯವಾಗಿ "ಹಲೋ, ಹಲೋ" ಎನ್ನುತ್ತಾರೆ, ಊದುತ್ತಾರೆ, ಒಂದು ಎರಡು ಮೂರು ಎಣಿಸುತ್ತಾರೆ. ಭಾವನವರೂ ಎಣಿಸಿದರು. ಕುಮಟೆಯ ಪರಿಚಿತರ ಮನೆಯ ಉಪನಯನ. ತೆಂಗಿನಮರಕ್ಕೆ ಕಟ್ಟಿದ ಸ್ಪೀಕರಿನಿಂದ ಮಂಗಳವಾದ್ಯಕ್ಕೆ ಮುಂಚೆ ಹೊರಟ ಘೋಷಣೆ ಇದು: "ಹಲೋ, ಹಲೋ. ಒಂದು, ಎರಡು, ಮೂರು, ನಾಲ್ಕು, ಐದು. ಐದು ಮಹಾವಿನಾಶಗಳು ಈ ಭೂಮಿಯ ಮೇಲೆ ಈವರೆಗೆ ಆಗಿಹೋಗಿವೆ. ಆರನೆಯದು..."

ವಟುವಿನ ತಂದೆ ಶಲ್ಯ ಜಾರಿದ್ದನ್ನೂ ಗಮನಿಸದೆ ಓಡಿಬಂದರು. "ಭಟ್ರೆ, ಮಾಣಿಗೆ ಉಪದೇಶ ಆಗ್ಲಿ ಮಾರಾಯ್ರೆ! ಆಮೇಲೆ ಬೇಕಾದ್ರೆ ಜಗತ್ತು ಮುಳುಗ್ಲಿ!"

"ಆತು," ಎಂದರು ಭಾವನವರು, ದೊಡ್ಡ ಮನಸ್ಸು ಮಾಡಿ. "ಊಟ ಆಪ್ಲವರೆಗೆ ತಡೀತೆ."

ಆಡಿದ ಮಾತಿಗೆ ತಪ್ಪುವವರಲ್ಲ. ಎರಡನೆಯ ಪಂಕ್ತಿ ಎದ್ದು ಕೈತೊಳೆಯುತ್ತಿರುವಾಗ ಆರನೆಯದು ಮರದ ಮೇಲಿನಿಂದ ಬಂದೇ ಬಂತು!

ಇನ್ನು ಅವರ ಅಯಸ್ಕಾಂತದ ವಿಷಯ ಹೇಳದಿದ್ದರೆ ಚಿತ್ರ ಅಪೂರ್ಣ. ನಮ್ಮಲ್ಲಿ ಹಲವರು ಕಪಾಟಿನ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಾರೆ. ಅದು ಸರಿಯಲ್ಲವೆಂದು ನಾನು ಪಾಠದಲ್ಲಿ ಹೇಳುತ್ತಿದ್ದೆ, ಮನೆಗೆ ಬಂದು ನಾನೂ ಕಟ್ಟಿಕೊಳ್ಳುತ್ತಿದ್ದೆ. ಭಾವನವರ ಜನಿವಾರದಲ್ಲಿ ಕೀಲಿಕೈಯ ಜೊತೆಗೆ ಹಳೆಯ ಸ್ಪೀಕರಿನಿಂದ ಬಿಚ್ಚಿ ತೆಗೆದ, ಬಳೆಯಾಕಾರದ ಅಯಸ್ಕಾಂತವೊಂದು ತೂಗುತ್ತಿತ್ತು. ಕೀಲಿಕೈ ಅದಕ್ಕೆ ಟಕ್ಕನೆ ಅಂಟುವುದು, ಅವರು ಬಿಡಿಸುವುದು, ಮತ್ತೆ ಅಂಟುವುದು. ಅವರ ಗಾಯತ್ರೀಜಪಕ್ಕೆ ಹೀಗೆ ತಾಳವಿತ್ತು!

"ಆ ಸ್ಪೀಕರು ಹುಟ್ಟಾ ಮೂಗ. ಇವರು ಮೊದ್ಲು ತಂದದ್ದೇ ಅದು. ಒಂದಿನವೂ ಒಂದು ಮಾತು ಆಡಿದ್ದಿಲ್ಲೆ," ಎಂದು ತಂಗಿ ಒಮ್ಮೆ ಹೇಳಿದ್ದಳು. ಮಾತಾಡದ ಸ್ಪೀಕರನ್ನು ಕೊಂಡ ಅಂಗಡಿಗೆ ಹಿಂದಿರುಗಿಸದೆ ಇಟ್ಟುಕೊಂಡವರ ವ್ಯವಹಾರಜ್ಞಾನವನ್ನು ನೆನೆದು ನಾನು ನಕ್ಕಿದ್ದೆ.

ಆಕಾಶದಿಂದ ಬಿದ್ದ ಕಲ್ಲುಗಳಲ್ಲಿ ಕಬ್ಬಿಣ ಹೆಚ್ಚಿರುತ್ತದೆಯಂತೆ. ಅಯಸ್ಕಾಂತಕ್ಕೆ ಅಂಟಿದರೆ ಸಂಶಯ ಪಡಬಹುದಂತೆ. ಭಾವನವರು ಸಂಶಯ ಪಡುತ್ತಾ ಕರ್ಕಿಯ ಕಡಲದಂಡೆಗೆ ನಡೆದರು. ನಮ್ಮ ದಂಡೆಯ ಕರಿಮರಳಿನಲ್ಲಿ ಮೊದಲಿನಿಂದಲೂ ಕಬ್ಬಿಣದ ಅಂಶವುಂಟು. ಅಯಸ್ಕಾಂತ ತೋರಿಸಿದ್ದೇ ತಡ, ಅದಕ್ಕೆ ಗಡ್ಡ ಬೆಳೆಯಿತು! ಆ ದಿನದಿಂದ ಕೆಲವು ತಿಂಗಳವರೆಗೆ ಇಡೀ ಹೊನ್ನಾವರ ತಾಲ್ಲೂಕೇ ಆಕಾಶದಿಂದ ಬಿದ್ದದ್ದೆಂಬುದು ಅವರ ಸಿದ್ಧಾಂತವಾಗಿತ್ತು. ಗೇರುಸೊಪ್ಪೆಗೆ ಮದುವೆಯಾಗಿ ಹೋಗಿದ್ದ ಅವರ ಮಗಳು ತವರಿಗೆ ಬಂದಾಗ, "ಅಪ್ಪಾ, ನಮ್ಮ ಮನೆ ಕಡೆ ಎಂತ ಬಿದ್ದಿದ್ದು?" ಎಂದು ಕೇಳಿದರೆ, "ನೀನೇ ಬಿದ್ದಿದ್ಯಲೇ, ಸಾಲ್ದ?" ಎನ್ನುತ್ತಿದ್ದರು.

ಭಟ್ಕಳದ ಪಕ್ಕದ ಜಾಲಿಯ ಕಡಲಂಚಿನಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಉರುಟು, ಕಪ್ಪು, ಆಚೆಈಚೆಯ ಕಲ್ಲುಗಳಿಗೆ ಹೋಲಿಕೆಯೇ ಇಲ್ಲದ ಭಾರ. ಅಯಸ್ಕಾಂತ ಅತ್ತ ಕೊಂಚ ವಾಲಿತು. ಕೊಂಚ ಎಂದರೆ, ಭಕ್ತರಿಗೆ ಕಾಣುವಷ್ಟು. ಅದನ್ನು ಪಂಚೆಯಲ್ಲಿ ಕಟ್ಟಿಕೊಂಡು ಭಟ್ಕಳ ಪೇಟೆಯ ತಮ್ಮ ಹಳೆಯ ಸ್ನೇಹಿತರಾದ, ಅರಬ್ ವರ್ತಕರ ಪೀಳಿಗೆಯ ನವಾಯತ ಸಾಹೇಬರ ಅತ್ತರಿನ ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಸಾಹೇಬರು ಕನ್ನಡಕ ಏರಿಸಿ, ಕಲ್ಲನ್ನು ತಿರುಗಿಸಿ ನೋಡಿ, ಮೃದುವಾಗಿ ಕೆಳಗಿಟ್ಟರು.

"ಭಟ್ರೆ, ಇದು ಆಸ್ಮಾನಿಂದ ಬಿದ್ದದ್ದಲ್ಲ. ನಮ್ಮ ಹಿರಿಯರ ಮಚವೆ ಹಡಗು ಅರಬ್ ದೇಶದಿಂದ ಖಾಲಿ ಬರುವಾಗ ಮಗುಚಬಾರ್ದು ಅಂತ ತಳದಲ್ಲಿ ಕಲ್ಲು ತುಂಬ್ತಿದ್ರು. ಇಲ್ಲಿ ಅಕ್ಕಿ ಮೂಟೆ ಹಾಕುವಾಗ ಆ ಕಲ್ಲನ್ನ ದಂಡೆ ಮೇಲೆ ಎಸೀತಿದ್ರು. ಇದು ಅದು."

ಭಾವನವರು ಒಂದು ಕ್ಷಣ ಯೋಚಿಸಿದರು. "ಹಾಂಗಾದ್ರೆ ಬಿದ್ದದ್ದಂತೂ ಹೌದಲ್ಲ ಸಾಹೇಬ್ರೆ?"

"ಬಿದ್ದದ್ದು ಹೌದು," ಎಂದರು ಸಾಹೇಬರು, ಸ್ನೇಹಧರ್ಮವನ್ನು ಬಿಡದೆ. "ಆದ್ರೆ ಬಹಳ ಎತ್ತರದಿಂದಲ್ಲ."

ಕಲ್ಲು ಕರ್ಕಿಗೆ ಬಂತು. ದೇವರ ಗೂಡಿನ ಪಕ್ಕದಲ್ಲಿಡಲು ಭಾವನವರು ಯೋಚಿಸುತ್ತಿರುವಾಗಲೇ ತಂಗಿ ಅದನ್ನು ತೊಳೆದು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಭರಣಿಯೊಳಗೆ ಭಾರಕ್ಕೆ ಇಟ್ಟಾಗಿತ್ತು. "ಆಕಾಶದ್ದಾದ್ರೆ ಎಂತು, ಅರಬಸ್ತಾನದ್ದಾದ್ರೆ ಎಂತು? ಸೊಳೆ ಮುಳುಗಿದ್ರೆ ಆತು!" ಆ ವರ್ಷದ ಸೊಳೆಪಲ್ಯವನ್ನು ಉಂಡವರು ಅದರ ರುಚಿಗೆ ಬೇರೆಬೇರೆ ಕಾರಣ ಕೊಟ್ಟರು. ಭಾವನವರು ಮಾತ್ರ ಕೊನೆಯವರೆಗೂ ಕಣ್ಣುಮುಚ್ಚಿ ಚಪ್ಪರಿಸಿ, "ಲೋಹದ ಅಂಶ ಇದ್ದು," ಎನ್ನುತ್ತಿದ್ದರು.

ಒಮ್ಮೆ ಕರ್ಕಿಯಲ್ಲಿ ಮಧ್ಯಾಹ್ನದ ತಾಳಮದ್ದಳೆ. ವೇಷವಿಲ್ಲದೆ, ಕುಳಿತಲ್ಲೇ ಮಾತಿನಲ್ಲಿ ಕಥೆ ನಡೆಸುವ ನಮ್ಮ ಈ ಕಲೆಯಲ್ಲಿ ಅರ್ಥಧಾರಿಯ ನಾಲಗೆಗೆ ಲಗಾಮಿಲ್ಲ. ಪ್ರಸಂಗ, ಸೂರ್ಯನು ಕೊಟ್ಟ ಮಣಿಯದು. ನನಗೆ ಶ್ರೀಕೃಷ್ಣನ ಪಾತ್ರ. ಗುಹೆಯಲ್ಲಿ ಆ ಮಣಿಯನ್ನಿಟ್ಟುಕೊಂಡ, ಯುಗಯುಗಗಳನ್ನು ಕಂಡ ವೃದ್ಧ ಕರಡಿರಾಜನ ಪಾತ್ರಕ್ಕೆ ಬರಬೇಕಾದವರು ಜ್ವರ ಬಂದು ಮಲಗಿದರು. ಮೈಕು ಕಟ್ಟಲು ಬಂದಿದ್ದ ಭಾವನವರನ್ನು ಹಿಡಿದು ಕೂರಿಸಿದರು. ಅವರು ಪದ್ಯಕ್ಕೆ ಅರ್ಥ ಹೇಳಬಲ್ಲವರೇ. ನನಗೆ ಭಯವಿದ್ದದ್ದು ಅವರು ಏನೆಲ್ಲವನ್ನು ಹೇಳಬಲ್ಲರು ಎಂಬುದರ ಬಗ್ಗೆ.

ನಾನು ಗಂಭೀರವಾಗಿ ಆರಂಭಿಸಿದೆ: "ಎಲೈ ಕರಡಿಯೇ, ಸಾಕ್ಷಾತ್ ಸೂರ್ಯನಾರಾಯಣನಿಂದ ಭೂಮಿಗಿಳಿದ ಆ ಮಣಿಯನ್ನು ನನಗೊಪ್ಪಿಸು."

ಕರಡಿರಾಜ ಗಡ್ಡ ನೀವಿಕೊಂಡಿತು. "ಎಲೈ ಗೊಲ್ಲನೇ, ನಾನು ಮುದುಕ. ಭೂಮಿಗೆ ಮೇಲಿನಿಂದ ಏನೇನು ಬಿದ್ದಿದೆಯೋ ಎಲ್ಲವನ್ನೂ ಕಂಡವನು. ಮಹಾಕಾಯದ ಉರಗಗಳು ಒಂದೇ ಹೊಡೆತಕ್ಕೆ ನಾಶವಾದಾಗ ನಾನು ಇದೇ ಬಿಲದಲ್ಲಿದ್ದು ಉಳಿದವನು! ಮಣಿಯು ಸೂರ್ಯಮಂಡಲದಿಂದ ಇಳಿಯಿತೆಂದೆಯಲ್ಲ? ಅಷ್ಟು ಎತ್ತರದಿಂದ ಬಿದ್ದಮೇಲೆ ನೆಲದಲ್ಲಿ ಗುಂಡಿಯಾಗಿರಬೇಕು. ತೋರಿಸು, ಗುಂಡಿ ಎಲ್ಲಿ?"

ಸಭೆ ಹೋ ಎಂದಿತು. ನಾನು ಪುರಾಣಗಳನ್ನೆಲ್ಲ ಮನಸ್ಸಿನಲ್ಲಿ ಮಗುಚಿಹಾಕಿದೆ. ಗುಂಡಿ ಎಲ್ಲಿಯೂ ಇರಲಿಲ್ಲ. ಜಗನ್ನಿಯಾಮಕನಾದ ನಾನು ಭಾಗವತರ ಮುಖ ನೋಡಿದೆ! ಕೊನೆಗೆ ಭಾಗವತರು ಕನಿಕರಪಟ್ಟು, ಇಪ್ಪತ್ತೆಂಟು ದಿನ ನಡೆಯಬೇಕಾದ ಕೃಷ್ಣ-ಕರಡಿಯರ ಯುದ್ಧದ ಪದ್ಯವನ್ನು ಅಲ್ಲಿಗೇ ಎತ್ತಿಕೊಂಡು ನನ್ನ ಮಾನ ಉಳಿಸಿದರು.

ಇಷ್ಟೆಲ್ಲ ತಮಾಷೆಯ ನಡುವೆ ಅವರಿಗೆ ನಿಜವಾಗಿಯೂ ಬೇಕಾಗಿದ್ದುದು ಒಂದೇ ಒಂದು. ಅದನ್ನು ಕೊಡುವ ಅಧಿಕಾರ, ಅವರ ದೃಷ್ಟಿಯಲ್ಲಿ, ಮನೆಯವರೆಲ್ಲ ಶಾಸ್ತ್ರ ಕೇಳುತ್ತಿದ್ದ ನನ್ನೊಬ್ಬನ ಕೈಯಲ್ಲಿತ್ತು.

ಅದು ಮಹಾಲಯದ ಪಕ್ಷ. ಪಿತೃಗಳಿಗೆ ಎಳ್ಳುನೀರು ಬಿಡುವ ಕಾಲ. ಕರ್ಕಿಯ ಜಗಲಿಯಲ್ಲಿ ಊಟ ಮುಗಿಸಿ ಕುಳಿತಿದ್ದೆವು.

"ಭಾವಯ್ಯ, ಒಂದು ಪ್ರಶ್ನೆ. ವಂಶವೇ ಅಳಿದುಹೋದವ್ಕೆ ತರ್ಪಣ ಬಿಡವು ಯಾರು?"

"ಜ್ಞಾತಿಗಳು."

"ಜ್ಞಾತಿಗಳೂ ಇಲ್ಲೆ."

"ಶಿಷ್ಯರು. ಸ್ನೇಹಿತರು."

"ಅವೂ ಇಲ್ಲೆ. ಎಲ್ಲಾ ಒಟ್ಟಿಗೇ ಹೋದ."

"ಅಯ್ಯೋ ದೇವರೆ! ಯಾವ ಊರವು?"

"ಎಲ್ಲಾ ಊರವೂ!"

ಆಗ ನನಗೆ ಹೊಳೆಯಿತು. ಡೈನೋಸಾರುಗಳಿಗೆ ಎಳ್ಳುನೀರು! ನಾನು ನಕ್ಕೆ. ಅವರು ನಗಲಿಲ್ಲ. ಅವರು ನಗದಿದ್ದುದು ನನಗೆ ಇನ್ನೂ ನಗು ತರಿಸಿತು. ಆಮೇಲೆ, ಕಲಿತ ವಿದ್ಯೆಗೆ ತಕ್ಕಂತೆ, ಗಂಭೀರವಾಗಿಯೇ ತೀರ್ಪು ಕೊಟ್ಟೆ: "ತರ್ಪಣ ಹೇಳಿದ್ರೆ ಮೂರು ಬೇಕು ಭಾವ. ಗೋತ್ರ, ಸಂಬಂಧ, ಹೆಸರು. ಮೂರೂ ತನ್ನಿ, ಬಿಡುಸ್ತೆ."

ಹೇಳಿ ಮರೆತುಬಿಟ್ಟೆ. ಅವರು ಮರೆಯಲಿಲ್ಲ. ಮರುವರ್ಷದ ಮಹಾಲಯಕ್ಕೆ ಗೋತ್ರ ಸಿದ್ಧವಾಗಿತ್ತು.

"ಗೋತ್ರ ಗೊತ್ತಿಲ್ದೆ ಇದ್ದವಂಗೆ ಯಾವ ಗೋತ್ರ ಹೇಳವು ಭಾವಯ್ಯ?"

"ಕಾಶ್ಯಪ." ಇದು ನಮ್ಮಲ್ಲಿ ಪ್ರಸಿದ್ಧವಾದ ಸಂಪ್ರದಾಯ. ಕಶ್ಯಪಪ್ರಜಾಪತಿ ದೇವದಾನವರಿಗೂ ಪಶುಪಕ್ಷಿಗಳಿಗೂ ಹಾವುಗಳಿಗೂ ತಂದೆ. ಯಾರೂ ದಿಕ್ಕಿಲ್ಲದವನಿಗೆ ಅವನೇ ಮೂಲಪುರುಷ.

"ಹಾವಿಗೆ ಅಪ್ಪ ಆದವ ಹಲ್ಲಿಗೆ ಅಪ್ಪ ಅಲ್ದ? ಡೈನೋಸಾರ್ ಹೇಳಿದ್ರೆ ದೊಡ್ಡ ಹಲ್ಲಿಯೇ. ಅಲ್ದೇ ನಮ್ಮದೂ ಕಾಶ್ಯಪಗೋತ್ರ. ಸಗೋತ್ರದವು ಭಾವಯ್ಯ! ತರ್ಪಣ ಬಿಡಿ, ಸೂತಕವೇ ಬತ್ತು!"

ಒಳಗಿನಿಂದ ತಂಗಿಯ ದನಿ ಬಂತು: "ಹಾಂಗಾದ್ರೆ ಮಾಡಿಂದ ಹಲ್ಲಿ ಮೈಮೇಲೆ ಬಿದ್ರೆ ಸ್ನಾನ ಎಂತಕ್ಕೆ ಮಾಡ್ತ್ರಿ? ನಿಮ್ಮನೆ ಕಡೆಯವು ಬಂದ ಹೇಳಿ ಕೂರ್ಸಿ ಕಾಪಿ ಕೊಡವು!"

ಮುಂದಿನ ವರ್ಷ ಸಂಬಂಧ ಬಂತು. ಪೂಜೆಗೆ ಕುಳಿತಾಗ ನಾವು ಮಾಡುವ ಸಂಕಲ್ಪದಲ್ಲಿ ದಿನ, ತಿಥಿಗಳಿಗೆ ಮುಂಚೆ ಕಲ್ಪವನ್ನೂ ಮನ್ವಂತರವನ್ನೂ ಹೇಳುತ್ತೇವಷ್ಟೆ. ಮನೆಯ ವಿಳಾಸ ಬರೆಯುವ ಮುನ್ನ ಬ್ರಹ್ಮಾಂಡದ ವಿಳಾಸ ಬರೆದಂತೆ. ಭಾವನವರು ಅದರಲ್ಲಿಯೇ ನನ್ನನ್ನು ಹಿಡಿದರು. "ಈಗ ನಡೀತಾ ಇಪ್ಪದು ವೈವಸ್ವತ ಮನ್ವಂತರ ಹೌದಲಿ? ಅದು ಶುರುವಾಗಿ ಹನ್ನೆರಡು ಕೋಟಿ ವರ್ಷ ಆಜು. ಅವು ಹೋದದ್ದು ಆರೂವರೆ ಕೋಟಿ ಹಿಂದೆ. ಹೇಳಿದ್ರೆ ಈ ಮನುವಿನ ಆಡಳಿತದಲ್ಲೇ! ನಾವೂ ಅವೂ ಒಂದೇ ಮನುವಿನ ಪ್ರಜೆಗಳು. ಇದಕ್ಕಿಂತ ಸಂಬಂಧ ಎಂತ ಬೇಕು?"

ಮನೆಗೆ ಬಂದವನೇ ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ಯುಗಗಳನ್ನು ಕೂಡಿದೆ, ಕಳೆದೆ. ಹೌದು! ದಿನವೂ ಬೆಳಗ್ಗೆ ಕಣ್ಣುಮುಚ್ಚಿ ನಾನು ಉಚ್ಚರಿಸುತ್ತಿದ್ದ ಆ ಒಂದು ಪದದ ಅಂಗಳದಲ್ಲಿ ಇಷ್ಟು ದಿನವೂ ಡೈನೋಸಾರುಗಳು ಮೇಯುತ್ತಿದ್ದವು, ನನಗೆ ತಿಳಿದಿರಲಿಲ್ಲ.

ಉಳಿದದ್ದು ಹೆಸರು. ಅದಕ್ಕೂ ಮುಂದಿನ ವರ್ಷ ಅವರು ಬಹಳ ಉತ್ಸಾಹದಿಂದ ಬಂದು ಕುಳಿತು, ಕಂಠ ಸರಿಮಾಡಿಕೊಂಡು, ಅಂಗೈ ಬಾಗಿಸಿ ಹೇಳಿಯೇಬಿಟ್ಟರು: "ಕಾಶ್ಯಪಗೋತ್ರಂ ಡೈನೋಸಾರಶರ್ಮಾಣಂ ವಸುರೂಪಂ..."

ನಾನು ನಕ್ಕುನಕ್ಕು ಕಂಬ ಹಿಡಿದುಕೊಂಡೆ. ಆಮೇಲೆ ಕಣ್ಣೊರೆಸಿಕೊಂಡು ಅಂದೆ: "ಆಗ್ತಿಲ್ಲೆ ಭಾವ. ಅದು ಬಿಳಿ ಜನ ಮೊನ್ನೆಮೊನ್ನೆ ಇಟ್ಟ ಹೆಸರು. ಹೆಸರು ಹೇಳಿದ್ರೆ ಅಪ್ಪ ಕಿವಿಯಲ್ಲಿ ಹೇಳಿದ್ದು. ಅದಿಲ್ದೆ ಹೋದವ್ಕೆ ನೀರಿಲ್ಲೆ. ಶಾಸ್ತ್ರ."

ಎಂಥ ಮಾತಿಗೂ ಮರುಮಾತು ಇಟ್ಟುಕೊಂಡಿದ್ದ ಮನುಷ್ಯ ಆಗ ಬಾಗಿಸಿದ್ದ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಜನಿವಾರದಲ್ಲಿ ಅಯಸ್ಕಾಂತಕ್ಕೆ ಅಂಟಿದ್ದ ಕೀಲಿಕೈಯನ್ನು ಬಿಡಿಸಿದರು. "ಆತು," ಎಂದು ಎದ್ದು ಒಳಗೆ ಹೋದರು. ವಾದದಲ್ಲಿ ಗೆದ್ದ ಸುಖದಿಂದ ನಾನು ಕುಮಟೆಯ ಬಸ್ಸು ಹತ್ತಿದೆ. ಪ್ರತಿಸಲವೂ ತಪ್ಪದೆ ಹಪ್ಪಳ ಕಟ್ಟಿಕೊಡುತ್ತಿದ್ದ ತಂಗಿ ಆ ಸಲ ಯಾಕೋ ಮರೆತಿದ್ದಳು.

ಮರುವರ್ಷ ಮಹಾಲಯದ ಅಮಾವಾಸ್ಯೆಗೆ ಕರ್ಕಿಯ ಪುರೋಹಿತರಿಗೆ ಬೇರೆಡೆ ಕರೆಯಿತ್ತು. ಕಡಲಸ್ನಾನ ಮಾಡಿಸಿ ತರ್ಪಣ ಬಿಡಿಸಲು ನಾನೇ ಹೋದೆ. ಬೆಳಗಿನ ಇಳಿತದ ಹೊತ್ತು. ಒದ್ದೆ ದಂಡೆ, ಅಲೆ ಹಿಂದೆ ಸರಿದಲ್ಲೆಲ್ಲ ಕರಿಮರಳಿನ ಗೆರೆ. ಒಣಬಟ್ಟೆ ಹಿಡಿದು ತಂಗಿ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಭಾವನವರು ಜನಿವಾರವನ್ನು ಬಲಹೆಗಲಿಗೆ ಬದಲಿಸಿಕೊಂಡಾಗ ಅಯಸ್ಕಾಂತವೂ ತೂಗಾಡುತ್ತ ಆಚೆಯ ಪಕ್ಕಕ್ಕೆ ಹೋಯಿತು. ತಂದೆ, ಅಜ್ಜ, ಮುತ್ತಜ್ಜ, ತಾಯಿಯ ಕಡೆಯವರು, ಗುರುಗಳು, ಸ್ನೇಹಿತರು. ಒಬ್ಬೊಬ್ಬರ ಗೋತ್ರ, ಒಬ್ಬೊಬ್ಬರ ಹೆಸರು. ಆ ವರ್ಷ ಅವರು ಡೈನೋಸಾರಿನ ಮಾತನ್ನೇ ಎತ್ತಲಿಲ್ಲ. ನನಗೆ ಅದು ಕೊರತೆಯೆನಿಸಿತು, ಊಟದಲ್ಲಿ ಉಪ್ಪಿಲ್ಲದಂತೆ.

ಎಲ್ಲ ಮುಗಿದಮೇಲೆ ಕಡೆಯದೊಂದು ವಿಧಿಯಿದೆ. ಬ್ರಹ್ಮನಿಂದ ಹಿಡಿದು ಹುಲ್ಲುಕಡ್ಡಿಯವರೆಗೆ ಎಲ್ಲರೂ ತೃಪ್ತರಾಗಲಿ ಎಂದು ನೀರು ಬಿಟ್ಟು, ಬಳಿಕ ನೀರು ಕೊಡಲು ಯಾರೂ ಇಲ್ಲದೆ ಹೋದವರಿಗಾಗಿ ಉಟ್ಟ ಒದ್ದೆಬಟ್ಟೆಯ ತುದಿಯನ್ನು ನೆಲಕ್ಕೆ ಹಿಂಡುವುದು. ಅಷ್ಟು ವರ್ಷ ಸಾವಿರಾರು ಜನರಿಂದ ಅದನ್ನು ಹೇಳಿಸಿದ್ದೆ. ಅಂದು ಹೇಳಿಸುತ್ತಿರುವಾಗ ನಾಲಗೆ ತಾನಾಗಿ ನಿಂತಿತು. ಬ್ರಹ್ಮನಿಂದ ಹುಲ್ಲುಕಡ್ಡಿಯವರೆಗೆ ಎಂದಮೇಲೆ ನಡುವೆ ಬಿಟ್ಟುಹೋದವರು ಯಾರು? ಅಲ್ಲಿ ಹೆಸರನ್ನು ಯಾರು ಕೇಳಿದ್ದಾರೆ?

"ಭಾವ," ಎಂದೆ, "ಇದ್ರಲ್ಲಿ ಅವೂ ಬಂದ. ನಿಮ್ಮ ದೊಡ್ಡ ಹಲ್ಲಿಗಳು. ಹಿಂಡಿ."

ಅವರು ಹಿಂಡಲಿಲ್ಲ. ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಡಲ ಕಡೆ ನೋಡುತ್ತ, ಮೈಕಿನ ಮನುಷ್ಯನ ಗಂಟಲಲ್ಲಿ ಇರಬಹುದೆಂದು ನಾನೆಂದೂ ಎಣಿಸದ ಒಂದು ಸಣ್ಣ ದನಿಯಲ್ಲಿ ಕೇಳಿದರು:

"ಹೆಸರಿಡೂಕೆ ಮುಂಚೆ ಹೋದವ್ಕೂ ಬತ್ತಾ ಭಾವಯ್ಯ, ಇದು?"

ದೂರದಲ್ಲಿ ತಂಗಿ ಮುಖವನ್ನು ಆಚೆ ತಿರುಗಿಸಿಕೊಂಡಳು.

ಅವರ ಮದುವೆಯಾದ ಹೊಸದು. ನಾನಾಗ ದೂರದೂರಿನ ಪಾಠಶಾಲೆಯಲ್ಲಿದ್ದೆ. ಚೊಚ್ಚಲು ಹೆಣ್ಣುಮಗು, ನಾಮಕರಣದ ಮಂತ್ರ ಹೇಳಲು ನಾನೇ ಬರಬೇಕೆಂದು ಕರೆಸಿದ್ದರು. ಬಂದು ಹೊಸ್ತಿಲು ದಾಟಿದಾಗ ಕಂಡದ್ದು ಬಿಚ್ಚಿಟ್ಟ ತೊಟ್ಟಿಲು. ಜಗಲಿಯ ಮೂಲೆಯಲ್ಲಿ, ಹುಲ್ಲಿನ ಕಟ್ಟು ಕೂಡ ಪೂರ್ತಿ ಬಿಚ್ಚದ ಹೊಸ ಸ್ಪೀಕರೊಂದಿತ್ತು. ಮಗಳ ಹೆಸರು ಇಡೀ ಕರ್ಕಿಗೆ ಕೇಳಿಸಬೇಕೆಂದು ಭಾವನವರು ಹುಬ್ಬಳ್ಳಿಯಿಂದ ತಂದದ್ದಂತೆ. ಅಷ್ಟು ಎಳೆಯ ಜೀವಕ್ಕೆ ದಹನವಿಲ್ಲ, ತರ್ಪಣವಿಲ್ಲ. ಯಾವ ಋಣವೂ ಅಂಟದ ಶುದ್ಧಜೀವ, ಅದಕ್ಕೆ ಯಾರ ನೀರೂ ಬೇಡ ಎಂದು ಅಂದು ಶಾಸ್ತ್ರ ಹೇಳಿದವನು ನಾನೇ. ಶಾಸ್ತ್ರ ಸರಿಯಾಗಿಯೇ ಇತ್ತು. ಆಮೇಲೆ ಮಕ್ಕಳಾದರು, ದೊಡ್ಡವರಾದರು. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಒಂದಿನವೂ ಒಂದು ಮಾತು ಆಡದ ಸ್ಪೀಕರು! ಅದರ ಅಯಸ್ಕಾಂತವೇ ಅವರ ಜನಿವಾರದಲ್ಲಿ ತೂಗುತ್ತಿತ್ತು.

"ಬತ್ತು ಭಾವ," ಎಂದೆ. "ಅದಕ್ಕೂ ಬತ್ತು."

ಅವರು ಹಿಂಡಿದರು. ಹಿಂಡಿ, ಬಿಡಿಸಿ, ಮತ್ತೆ ಹಿಂಡಿದರು. ಒಂದು ಅಲೆ ಬಂದು ಆ ನೀರನ್ನೂ ನಮ್ಮ ಪಾದಗಳನ್ನೂ ಒಟ್ಟಿಗೇ ಮುಟ್ಟಿ ಹಿಂದಿರುಗಿತು.

ಸ್ವಲ್ಪ ಹೊತ್ತಾದಮೇಲೆ ಭಾವನವರು ಒದ್ದೆ ಅಂಗೈಯನ್ನು ನೋಡಿಕೊಂಡರು. ಅದರ ತುಂಬ ಕರಿಯ ಕಣಗಳು. ಯಾವುದು ಎಳ್ಳು, ಯಾವುದು ಮರಳು, ತಿಳಿಯುವಂತಿರಲಿಲ್ಲ. ಎಂದಿನ ಅಭ್ಯಾಸದಂತೆ ಅಯಸ್ಕಾಂತವನ್ನು ಹತ್ತಿರ ತಂದರು. ಮರಳೆಲ್ಲ ಹಾರಿ ಅದಕ್ಕೆ ಅಂಟಿತು. ಅಂಗೈಯಲ್ಲಿ ನಾಲ್ಕೈದು ಎಳ್ಳು ಉಳಿದವು.

"ಇಷ್ಟು ಉಳತ್ತು ಭಾವಯ್ಯ," ಎಂದರು.

ತಂಗಿ ಹತ್ತಿರ ಬಂದಿದ್ದಳು. ಬಾಗಿ ತನ್ನ ಬೊಗಸೆಯಲ್ಲಿ ಕಡಲ ನೀರು ಎತ್ತಿ, ಅವರ ಅಂಗೈಗೆ ಸುರಿದಳು. ಎಳ್ಳು ತೇಲಿ ಹೋಯಿತು. ಗೋತ್ರ ಯಾವುದು, ಹೆಸರೇನು ಎಂದು ನಾನು ಕೇಳಲಿಲ್ಲ.